ಐದನೇ ಯಂತ್ರ ಸಿದ್ಧವಿದೆ

ಜನವರಿ ೬, ಸೋಮವಾರ

ಐದನೇ ಯಂತ್ರ ದೀಪಾವಳಿಯ ಮರುವಾರದಿಂದ ನಿಂತೇ ಇದೆ. ಕಂಟ್ರೋಲ್ ರೂಮಿನ ಲಾಗ್ ಬುಕ್ಕಿನಲ್ಲಿ ಬರೆಯಲು ಏನೂ ಇಲ್ಲ. ಇಪ್ಪತ್ತೊಂಬತ್ತು ವರ್ಷ ಗಂಟೆಗೊಮ್ಮೆ ಉಷ್ಣತೆ, ಒತ್ತಡ ಬರೆದು ರೂಢಿಯಾದ ಕೈ ಸುಮ್ಮನಿರಲು ಒಲ್ಲೆ ಅನ್ನುತ್ತದೆ. ಅದಕ್ಕೇ ಮಗಳು ಸ್ನೇಹಲ್‌ಳ ಹಳೆಯ ಕಾಲೇಜು ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಯಾರೂ ಓದುವುದಿಲ್ಲ. ಮಗಳಿಗೆ ಕನ್ನಡ ಮಾತು ತಿಳಿಯುತ್ತದೆ, ಅಕ್ಷರ ಬಾರದು.

ನಮ್ಮದು ಕಲ್ಲಿದ್ದಲಿನಿಂದ ಕರೆಂಟ್ ತೆಗೆಯುವ ಹಳೆಯ ಯಂತ್ರ. ಇನ್ನೂರು ಮೆಗಾವ್ಯಾಟ್. ಮುಂಬೈಗೆ ಈಗ ಹೊರಗಿನಿಂದ ಅಗ್ಗದ ಕರೆಂಟ್ ಬರುತ್ತದೆ. ಹಗಲು ಸೂರ್ಯನದು, ಉಳಿದದ್ದು ಗಣಿಯ ಬಾಯಲ್ಲೇ ಇರುವ ದೊಡ್ಡ ಸ್ಥಾವರಗಳದು. ಯಾವ ಯಂತ್ರ ಓಡಬೇಕೆಂದು ಹೇಳುವ ವಿತರಣಾ ಕೇಂದ್ರದವರು ಅಗ್ಗದ್ದನ್ನು ಮೊದಲು ಕರೆಯುತ್ತಾರೆ, ದುಬಾರಿಯದನ್ನು ಕೊನೆಗೆ. ನಮ್ಮ ಸರದಿ ಬರುವುದಿಲ್ಲ. ಹುಡುಗರನ್ನೆಲ್ಲ ಬೇರೆ ಯಂತ್ರಗಳಿಗೆ ಹಾಕಿದ್ದಾರೆ. ಐದನೆಯದರ ಮುಂದೆ ನಾನು, ಇಬ್ಬರು ಫಿಟ್ಟರ್‌ಗಳು.

ದಿನಕ್ಕೆ ಒಂದೇ ಕೆಲಸ. ಬೆಳಿಗ್ಗೆ ಹತ್ತರೊಳಗೆ ಒಂದು ಹಾಳೆ ತುಂಬಬೇಕು. ನಾಳೆ ಕರೆದರೆ ಎಷ್ಟು ಮೆಗಾವ್ಯಾಟ್ ಸಿದ್ಧ? ೨೦೦ ಎಂದು ಬರೆದು ಸಹಿ ಮಾಡಿದೆ. ಹಾರ್ಬರ್ ಲೈನಿನ ಲೋಕಲ್ ರೈಲು ಅರ್ಧ ಗಂಟೆ ತಡ. ಮನೆಗೆ ಬಂದಾಗ ಏಳು.

ಜನವರಿ ೧೯, ಭಾನುವಾರ

ಬಿಲ್ಡಿಂಗಿನ ಕೆಳಗೆ ಇಸ್ತ್ರಿ ಅಂಗಡಿ ಇಟ್ಟಿರುವ ಸಾಯಬಣ್ಣ ಮೇಲೆ ಬಂದಿದ್ದ. ನಮ್ಮ ಶಹಾಪುರದ ಕಡೆಯವನು. ಕೈಯಲ್ಲಿ ಕರೆಂಟ್ ಬಿಲ್ಲು.

"ಅಣ್ಣಾರ, ಸಂಕ್ರಮಣಕ್ಕ ಎಂಟು ದಿನ ಅಂಗಡಿ ಬಂದ್ ಮಾಡಿ ಊರಿಗಿ ಹೋಗಿದ್ದೆ. ಇಸ್ತ್ರಿ ಮುಟ್ಟಿಲ್ಲ. ಆದ್ರೂ ಇಷ್ಟು ಬಂದದ. ಇದು 'ಸ್ಥಿರ ಆಕಾರ' ಅಂತ ಬರದಾರಲ್ಲ, ಏನ್ರಿ ಇದು?"

ಬಿಲ್ಲು ಮರಾಠಿಯಲ್ಲಿತ್ತು; 'ಸ್ಥಿರ ಆಕಾರ' ಎಂದರೆ ನಿಗದಿತ ಶುಲ್ಕ. ನಾನು ಹೇಳಿದೆ, "ನೀ ಸುಟ್ಟ ಕರೆಂಟಿಗೆ ಒಂದು ರೊಕ್ಕ. ಸುಡದಿದ್ರೂ ಒಂದು ರೊಕ್ಕ."

"ಸುಡದಿದ್ರ ಯಾಕ?"

"ರಿಕ್ಷಾದವನನ್ನ ಆಸ್ಪತ್ರಿ ಮುಂದ ಒಂದು ತಾಸು ನಿಲ್ಲಿಸಿದ್ರ ವೇಟಿಂಗ್ ಕೊಡ್ತೀ ಹೌದಿಲ್ಲೋ? ಗಾಡಿ ಓಡಿಲ್ಲ, ಪೆಟ್ರೋಲ್ ಸುಟ್ಟಿಲ್ಲ. ಆದ್ರ ಅವ ನಿನ್ನ ಸಲುವಾಗಿ ನಿಂತಾನ. ಗಾಡಿ ಸಾಲದ ಕಂತು ಅವನಿಗಿ ತಪ್ಪಂಗಿಲ್ಲ. ಪವರ್ ಪ್ಲಾಂಟೂ ಹಂಗs. ಕಟ್ಟಿದ ಸಾಲ, ಬಡ್ಡಿ, ನಮ್ಮ ಪಗಾರ, ಇವು ಯಂತ್ರ ನಿಂತ್ರೂ ನಿಲ್ಲಂಗಿಲ್ಲ. ಅದನ್ನ ಊರ ಮಂದಿ ಮ್ಯಾಲ ಹಂಚ್ತಾರ. ಕಲ್ಲಿದ್ದಲ ಖರ್ಚು ಬ್ಯಾರೆ."

ಸಾಯಬಣ್ಣ ಬಿಲ್ಲನ್ನು ಮಡಚಿ ಜೇಬಿಗೆ ಹಾಕಿದ. "ಅಂದ್ರ ನಾ ನಿಮ್ಮ ಪಗಾರ ಕೊಡ್ತೀನಿ," ಎಂದು ನಕ್ಕ. "ಕೊಡೂಣು ಬಿಡ್ರಿ. ಕರದಾಗ ರಿಕ್ಷಾ ಬಂದ್ರ ಸಾಕು."

ಚಹಾ ಕುಡಿದು ಹೋದ. ನಾನು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿಲ್ಲ.

ಜನವರಿ ೨೮, ಮಂಗಳವಾರ

ಇಲ್ಲಿ ಬರೆದರೆ ಯಾರಿಗೇನು.

ಐದನೆಯ ಯಂತ್ರದ ಬಾಯ್ಲರಿಗೆ ನೀರು ಒತ್ತಲು ಮೂರು ಪಂಪುಗಳಿವೆ. ಪೂರ್ತಿ ಇನ್ನೂರು ಬೇಕೆಂದರೆ ಎರಡು ಓಡಬೇಕು. ಮೂರನೆಯದು ಕಳೆದ ಬೇಸಿಗೆಯಲ್ಲೇ ಕೆಟ್ಟಿತು. ನವೆಂಬರಿನಲ್ಲಿ ನಾಲ್ಕನೇ ಯಂತ್ರದ ಪಂಪು ಕೈಕೊಟ್ಟಾಗ ನಮ್ಮ ಎರಡನೆಯ ಪಂಪಿನ ಒಳಭಾಗವನ್ನು ಬಿಚ್ಚಿ ಅದಕ್ಕೆ ಕೂಡಿಸಿದರು. ಓಡುವ ಯಂತ್ರಕ್ಕೆ ಕೊಟ್ಟದ್ದು ಸರಿಯೇ. ಆದರೆ ನಮಗೆ ಉಳಿದದ್ದು ಒಂದೇ ಪಂಪು. ಒಂದರಲ್ಲಿ ಹೆಚ್ಚೆಂದರೆ ನೂರು ಮೆಗಾವ್ಯಾಟ್.

ನವೆಂಬರ್ ೧೧ರಂದು ನಾನು ಹಾಳೆಯಲ್ಲಿ ೧೦೦ ಎಂದೇ ಬರೆಯಹೊರಟಿದ್ದೆ. ದರದ ವಿಭಾಗ ನೋಡಿಕೊಳ್ಳುವ ಹಿತೇಶ್ ಸಾಹೇಬರ ಫೋನು ಬಂತು. "ಶರಣ್‌ಜೀ, ಹೇಗೂ ಕರೆಯುವುದಿಲ್ಲ. ಅರ್ಧ ಎಂದು ಬರೆದರೆ ನಿಗದಿತ ವೆಚ್ಚವೂ ಅರ್ಧವೇ ಸಿಗುತ್ತದೆ. ಎರಡು ವಾರದಲ್ಲಿ ಹೊಸ ಪಾರ್ಟ್ ತರಿಸುತ್ತೇನೆ. ಅಲ್ಲಿಯವರೆಗೆ ನೋಡಿಕೊಳ್ಳಿ." ನೋಡಿಕೊಂಡೆ. ಎರಡು ವಾರ ಹನ್ನೊಂದು ವಾರವಾಯಿತು.

ಕರೆಯುವುದಿಲ್ಲ ಎನ್ನುವುದು ನಿಜ. ಯಾರಿಗೂ ಒಂದು ಕ್ಷಣ ಕರೆಂಟ್ ಹೋಗಿಲ್ಲ. ಊರಿನ ಮೇಲೆ ಹಂಚಿದರೆ ತಲೆಗೆ ಎಷ್ಟು ಬರುತ್ತದೆ? ಒಂದು ವಡಾಪಾವ್ ಬೆಲೆಯೂ ಇಲ್ಲ.

ಫೆಬ್ರವರಿ ೪, ಮಂಗಳವಾರ

೨೦೦. ಸೆಖೆ ಈಗಲೇ ಶುರು. ಹೆಂಡತಿ ಸುಂದ್ರವ್ವ ಊಟದ ಹೊತ್ತಿಗೆ ಏನೋ ಕೇಳಿದಳು. ಏನು ಎಂದು ನೆನಪಿಲ್ಲ.

ಫೆಬ್ರವರಿ ೯, ಭಾನುವಾರ

ನಮ್ಮ ಬಿಲ್ಡಿಂಗಿನ ಸೊಸೈಟಿ ಮೀಟಿಂಗ್. ಕಾರ್ಯದರ್ಶಿ ರಂಜನಾ ತಾಯಿ ಪೇಪರಿನ ಜಾಹೀರಾತನ್ನು ಓದಿ ಹೇಳಿದರು. ನಿವೃತ್ತ ಟೀಚರು, ಒಂದು ಸಾಲೂ ಬಿಡುವವರಲ್ಲ. ನಮ್ಮ ಕಂಪನಿ ಕರೆಂಟಿನ ದರ ನಿಗದಿ ಮಾಡುವ ಆಯೋಗಕ್ಕೆ ಅರ್ಜಿ ಹಾಕಿದೆ. ಐದನೇ ಯಂತ್ರದ ನಿಗದಿತ ವೆಚ್ಚವನ್ನು ಇನ್ನೂ ಐದು ವರ್ಷ ಗಿರಾಕಿಗಳ ಬಿಲ್ಲಿಗೆ ಸೇರಿಸಬೇಕಂತೆ. ಬರುವ ಶುಕ್ರವಾರ ಸಾರ್ವಜನಿಕ ವಿಚಾರಣೆ. ಯಾರು ಬೇಕಾದರೂ ಹೋಗಿ ಮಾತಾಡಬಹುದು.

"ಶರಣಬಸಪ್ಪಾಜೀ, ನೀವು ಅಲ್ಲಿಯವರೇ. ನಮಗೆ ಸ್ವಲ್ಪ ತಿಳಿಸಿಕೊಡಿ," ಎಂದರು.

ನೌಕರರು ಮಾತಾಡುವಂತಿಲ್ಲ ತಾಯಿ, ನಿಯಮ ಇದೆ ಎಂದೆ. ಅದು ನಿಜವೇ.

ಹಿಂದೆ ನಿಂತಿದ್ದ ಸಾಯಬಣ್ಣ, "ನಾ ಬರ್ತೀನಿ ತಾಯಿ. ಅಣ್ಣಾರು ನನಗ ಎಲ್ಲಾ ಹೇಳಿಕೊಟ್ಟಾರ," ಎಂದುಬಿಟ್ಟ. ನಾಲ್ಕು ಜನ ತಿರುಗಿ ನನ್ನನ್ನು ನೋಡಿದರು. ಮೇಲೆ ಬಂದು ಫ್ಯಾನ್ ಹಾಕಿಕೊಂಡು ಮಲಗಿದೆ.

ಫೆಬ್ರವರಿ ೧೪, ಶುಕ್ರವಾರ

ಸಂಜೆ ನಾನು ಬೂಟು ಬಿಚ್ಚುವ ಮೊದಲೇ ಸಾಯಬಣ್ಣ ಬಂದ. ಮದುವೆಗೆ ಹೊರಟವನ ಹಾಗೆ ಗರಿಗರಿ ಅಂಗಿ ಹಾಕಿದ್ದ. ಸುಂದ್ರವ್ವ ನೀರು ಕೊಟ್ಟಳು. ನಿಂತೇ ಕುಡಿದ, ನಿಂತೇ ಹೇಳಿದ.

"ದೊಡ್ಡ ಹಾಲ್ ಅಣ್ಣಾರ. ಏಸಿ. ರಂಜನಾ ತಾಯಿ ಇಂಗ್ಲಿಷ್‌ನಾಗ ಮಸ್ತ್ ಮಾತಾಡಿದ್ರು. ಆಮ್ಯಾಲ ನನ್ನ ಹೆಸರ ಕರದ್ರು. ನನಗ ಬರೂ ಮರಾಠಿ ನಿಮಗ ಗೊತ್ತಲ್ಲ. ಒಂದೇ ಕೇಳಿದೆ. ಸಾಹೇಬ್, ನಾವು ವೇಟಿಂಗ್ ಕೊಡ್ತೀವಿ, ಆ ರಿಕ್ಷಾ ಕರದ್ರ ಬರ್ತದೇನು ಅಂತ. ಎಲ್ಲಾರೂ ನಕ್ಕರು. ನಡುವ ಕುಂತಿದ್ದ ಸಾಹೇಬ್ರು ನಗಲಿಲ್ಲ. ಕಂಪನಿ ವಕೀಲಗ ಹೇಳಿದ್ರು, ಅವರು ಕೇಳಿದ್ದಕ್ಕ ಉತ್ತರ ಕೊಡ್ರಿ ಅಂತ."

"ಏನಂದ್ರು?"

"ವಕೀಲ ಒಂದು ಕಟ್ಟು ಕಾಗದ ತಗದ. ದಿನಾ ಯಂತ್ರ ನೋಡಿ ಎಂಜಿನಿಯರ್ ಸಹಿ ಮಾಡ್ಯಾನ, ಪೂರಾ ಇನ್ನೂರು ಸಿದ್ಧ ಅದ ಅಂದ. ಪರದಿ ಮ್ಯಾಲ ದೊಡ್ಡದು ಮಾಡಿ ತೋರಿಸಿದ. ಸಾಹೇಬ್ರು, ಇದು ಯಾರ ಸಹಿ, ಓದ್ಲಿಕ್ಕೇ ಬರವಲ್ದು ಅಂದ್ರು. ಅಣ್ಣಾರ, ನೀವು ಕನ್ನಡದಾಗ ಸಹಿ ಹಾಕ್ತೀರಿ! ಅಷ್ಟು ಮಂದ್ಯಾಗ ಯಾರಿಗೂ ಬರಲಿಲ್ಲ. ನಾ ಎದ್ದು ನಿಂತು ಓದಿ ಹೇಳಿದೆ. ಶರಣಬಸಪ್ಪ ಅಂತ ಅದರೀ ಸಾಹೇಬ್, ನಮ್ಮ ಬಿಲ್ಡಿಂಗಿನವರು, ಅವರು ಬರದಾರ ಅಂದ್ರ ಖರೇನೇ ಇರ್ತದ ಅಂದೆ. ಕುಂತೆ."

ಅವನ ಕಣ್ಣುಗಳು ಹೊಳೆಯುತ್ತಿದ್ದವು. ಸುಂದ್ರವ್ವ ನನ್ನ ಮುಖ ನೋಡುತ್ತಿದ್ದಳು. ನಾನು ಬೂಟಿನ ಲೇಸು ಬಿಚ್ಚುತ್ತ ಕೂತಿದ್ದೆ.

ಫೆಬ್ರವರಿ ೧೫, ಶನಿವಾರ

೧೦೦ ಎಂದು ಬರೆದೆ. ದೊಡ್ಡದೇನೂ ಯೋಚಿಸಲಿಲ್ಲ. ಎರಡು ಎಂದು ಶುರು ಮಾಡಲು ಕೈ ಬರಲಿಲ್ಲ, ಅಷ್ಟೇ.

ಫೆಬ್ರವರಿ ೧೭, ಸೋಮವಾರ

ಹಿತೇಶ್ ಸಾಹೇಬರು ಕ್ಯಾಬಿನ್ನಿಗೆ ಕರೆದರು. ನಲವತ್ತು ದಾಟಿಲ್ಲ, ಕಣ್ಣಿನ ಕೆಳಗೆ ಕಪ್ಪು. ಬಾಗಿಲು ಹಾಕಿ ನೀರಿನ ಬಾಟಲಿ ನನ್ನ ಕಡೆ ಸರಿಸಿದರು.

"ಟೈಪಿಂಗ್ ತಪ್ಪಾಗಿದೆ ಅಂದುಕೊಂಡೆ."

"ಕೈಯಲ್ಲಿ ಬರೆದದ್ದು ಸಾಹೇಬ್."

"ಶರಣ್‌ಜೀ, ನಾನು ನಾಲ್ಕು ಸಲ ಹೆಡ್ ಆಫೀಸಿಗೆ ಬರೆದಿದ್ದೇನೆ. ಓಡದ ಯಂತ್ರಕ್ಕೆ ಎರಡು ಕೋಟಿಯ ಪಾರ್ಟ್ ಯಾಕೆ ಅಂತ ಕೇಳುತ್ತಾರೆ. ಅದು ಸಿದ್ಧ ಇದ್ದರೆ ಹಣ ಬರುತ್ತದೆ, ಹಣ ಬಂದರೆ ಸಿದ್ಧ ಮಾಡಬಹುದು. ನಾನು ಯಾವ ಕಡೆಯಿಂದ ಹಿಡಿಯಲಿ? ಶುಕ್ರವಾರ ಆಯೋಗದ ಮುಂದೆ ಪೂರ್ತಿ ಸಿದ್ಧ ಎಂದಿದ್ದೇವೆ, ಶನಿವಾರ ನೀವು ಅರ್ಧ ಎಂದು ಬರೆದಿದ್ದೀರಿ. ಜನ ಏನಂದುಕೊಳ್ಳುತ್ತಾರೆ?"

ಬಾಟಲಿಯ ಮುಚ್ಚಳ ತೆಗೆದು ನೀರು ಕುಡಿದೆ.

"ನಿಮಗೆ ಇನ್ನು ಎಷ್ಟು ವರ್ಷ ಸರ್ವಿಸ್?"

"ಎರಡು."

"ಯೋಚನೆ ಮಾಡಿ," ಎಂದರು. ಬೆದರಿಕೆಯ ದನಿಯಲ್ಲ. ದಣಿದವನು ದಣಿದವನಿಗೆ ಹೇಳುವ ಹಾಗೆ.

ಇವತ್ತಿನ ಹಾಳೆಯೂ ೧೦೦.

ಫೆಬ್ರವರಿ ೨೦, ಗುರುವಾರ

ನನ್ನನ್ನು ಕಲ್ಲಿದ್ದಲ ಯಾರ್ಡಿಗೆ ಹಾಕಿದ್ದಾರೆ. ವ್ಯಾಗನ್ ಎಣಿಸುವ ಕೆಲಸ. ಐದನೆಯದಕ್ಕೆ ಪ್ರೀತಮ್ ಬಂದಿದ್ದಾನೆ. ಮಂಗಳೂರಿನ ಕಡೆಯವರ ಮಗ, ಹುಟ್ಟಿದ್ದು ಮಲಾಡಿನಲ್ಲಿ, ಮೂವತ್ತರ ಎಂಜಿನಿಯರು. ಕೀಲಿಕೈ, ಲಾಗ್ ಬುಕ್ಕು ಕೊಟ್ಟೆ. ಎರಡನೇ ಪಂಪಿನ ಖಾಲಿ ಹೊರಕವಚವನ್ನೂ ತೋರಿಸಿದೆ. ಟಾರ್ಚು ಬಿಟ್ಟು ಬಗ್ಗಿ ನೋಡಿದ. "ಅಂಕಲ್, ಒಳಗೆ ಏನೂ ಇಲ್ಲ ಮಾರಾಯ್ರೆ," ಎಂದ. ಹೌದು ಎಂದೆ. ಏನು ಬರೆಯಬೇಕೆಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಯಾರ್ಡಿನಲ್ಲಿ ಧೂಳು ಬಹಳ. ಸುಂದ್ರವ್ವ ಬಿಸಿನೀರು ಕಾಯಿಸಿ ಕೊಟ್ಟಳು. ಅಂಗಿ ಎರಡು ಸಲ ಒಗೆಯಬೇಕು ಎಂದಳು. ನಾನೇ ಒಗೆದೆ.

ಫೆಬ್ರವರಿ ೨೩, ಭಾನುವಾರ

ಸಾಯಬಣ್ಣನ ಅಂಗಡಿಗೆ ಹೋದೆ. ಮಧ್ಯಾಹ್ನ, ಗಿರಾಕಿ ಇರಲಿಲ್ಲ. ಯಾರದೋ ಸೀರೆಗೆ ಇಸ್ತ್ರಿ ಹಾಕುತ್ತಿದ್ದ. ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದೆ. ಪಂಪು, ನವೆಂಬರಿನ ಫೋನು, ಹಾಳೆಗಳು. ರಜೆ ಕಳೆದು ಎಣಿಸಿದ್ದೆ. ಎಂಬತ್ತೊಂದು.

ಅವನು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಸ್ವಿಚ್ ಆರಿಸಿದ. ಸೀರೆಯನ್ನು ಅರ್ಧಕ್ಕೇ ಮಡಚಿಟ್ಟ.

"ನಾ ಓದಿದ್ದು ಅದೇ ಹಾಳಿ ಏನ್ರಿ?"

"ಅದೇ."

"ಅಷ್ಟು ಮಂದಿ ಮುಂದ ನಿಂತು ಓದಿದೆನಲ್ರಿ ಅಣ್ಣಾರ."

ಈಗ ಹದಿನೈದರಿಂದ ಖರೇ ಬರೆದೆ, ಅದಕ್ಕೇ ಯಾರ್ಡಿಗೆ ಹಾಕಿದ್ದಾರೆ ಎಂದೆ. ಹೇಳಿದ ಮೇಲೆ ನಾಚಿಕೆಯಾಯಿತು. ಅದನ್ನು ಹೇಳಲು ಹೋಗಿರಲಿಲ್ಲ.

ಅವನು ಸೀರೆಯನ್ನು ಬದಿಗೆ ಸರಿಸಿದ. ಆಮೇಲೆ, "ನನಗ್ಯಾಕ ಹೇಳಕತ್ತೀರಿ? ನಾ ಏನ್ ಮಾಡ್ಲಿ ಅದನ್ನ? ಯಾರು ಕೇಳಿದ್ರು ಅವರಿಗಿ ಹೇಳ್ರಿ. ರಂಜನಾ ತಾಯಿ ಅಂದ್ರು, ಇಪ್ಪತ್ತೆಂಟರ ತನಕ ಆಯೋಗಕ್ಕ ಬರದು ಕೊಡಬಹುದಂತ," ಎಂದ. ಸ್ವಿಚ್ ಹಾಕಿದ. ಪೆಟ್ಟಿಗೆ ಕಾಯುವವರೆಗೆ ನಾನು ಕೂತಿದ್ದೆ. ಅವನು ಸೀರೆ ಬಿಡಿಸಿ ಉಳಿದರ್ಧಕ್ಕೆ ಇಸ್ತ್ರಿ ಹಾಕತೊಡಗಿದ.

ಫೆಬ್ರವರಿ ೨೫, ಮಂಗಳವಾರ

ಆಯೋಗಕ್ಕೆ ಪತ್ರ ಬರೆದೆ. ಮೊದಲು ಸುಂದ್ರವ್ವನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದಳು, ನಿಲ್ಲಿಸಲಿಲ್ಲ. ಎರಡು ವರ್ಷದ ಪಗಾರ ಹೋಗಬಹುದು, ಗ್ರಾಚುಯಿಟಿ ತಡೆಯಬಹುದು, ಸ್ನೇಹಲ್‌ಳ ಎಂ.ಎಸ್ಸಿ. ಫೀಸು ಬಾಕಿ ಇದೆ ಎಂದು ನಾನೇ ಒಂದೊಂದಾಗಿ ಹೇಳಿದೆ. ಅವಳು ಬೇಡ ಎನ್ನಲಿ ಎಂದು ಕಾಯುತ್ತಿದ್ದೆನೋ ಏನೋ.

"ನೀವು ದೀಪಾವಳಿಯಿಂದ ಮನ್ಯಾಗ ಇಲ್ಲೇ ಇಲ್ಲ," ಎಂದಳು. "ಕುಂತಿರ್ತೀರಿ, ಉಣ್ತೀರಿ. ಆದ್ರ ಇರಂಗಿಲ್ಲ. ಮೊನ್ನೆ ಅಂಗಿ ಒಗೀಲಿಕ್ಕ ಕುಂತ್ರಿ ನೋಡ್ರಿ, ಅವತ್ತು ಬಂದ್ರಿ. ಬರೀರಿ. ನಾ ಮಂದಿಗಿ ಟಿಫಿನ್ ಕಟ್ಟಿ ಕೊಡೂ ಕೆಲಸ ಹಿಡೀತೀನಿ. ನಮ್ಮ ರೊಟ್ಟಿಗಿ ಇಲ್ಲಿ ಗಿರಾಕಿ ಕಮ್ಮಿ ಏನಿಲ್ಲ."

ರಾತ್ರಿ ಊಟವಾದ ಮೇಲೆ ನಾನು ಕನ್ನಡದಲ್ಲಿ ಹೇಳಿದೆ, ಸ್ನೇಹಲ್ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷಿಗೆ ಹಾಕಿದಳು. ನಡುನಡುವೆ ನಿಲ್ಲಿಸಿ ನನ್ನನ್ನು ನೋಡುತ್ತಿದ್ದಳು. ಒಂದು ಕಡೆ ಓದಿಸಿದೆ.

"ಪಪ್ಪಾ, ಇಲ್ಲಿ ನಾನು 'ತಪ್ಪು ಅಂಕಿ ಬರೆಯಲಾಗಿದೆ' ಅಂತ ಹಾಕಿದೀನಿ. ಅದು ಸೇಫ್ ಹೈ. ಯಾರು ಬರೆದದ್ದು ಅಂತ ಬರಲ್ಲ."

"ನಾನು ಬರೆದೆ ಅಂತ ಹಾಕು."

"ಲೇಕಿನ್ ಪಪ್ಪಾ..."

"ನಾನು ಬರೆದೆ. ಎಂಬತ್ತೊಂದು ದಿನ. ಹಾಕವ್ವ."

ಹಾಕಿದಳು. ಪ್ರಿಂಟ್ ತೆಗೆಯಲು ನಾಳೆ ಸ್ಟೇಷನ್ ಪಕ್ಕದ ಅಂಗಡಿಗೆ ಹೋಗಬೇಕು. ಅವಳೂ ಬರುತ್ತಾಳಂತೆ. ಬೇಡವೆಂದರೂ ಕೇಳಲಿಲ್ಲ.

ಮಾರ್ಚ್ ೧೨, ಬುಧವಾರ

ಅಮಾನತು. ನಿರೀಕ್ಷಿಸಿದ್ದೇ. ಯೂನಿಯನ್ನಿನವರು ಫೋನ್ ಮಾಡಿ, ಮೊದಲು ನಮಗೆ ಹೇಳಬೇಕಿತ್ತು ಎಂದರು. ಯಂತ್ರ ಮುಚ್ಚಿದರೆ ಎಷ್ಟು ಜನರ ಹೊಟ್ಟೆ ಎಂದು ಕೇಳಿದರು. ಇಡೀ ಮಧ್ಯಾಹ್ನ ಅದೇ ಯೋಚನೆ.

ಸುಂದ್ರವ್ವನ ಟಿಫಿನ್ ಹನ್ನೊಂದಾಗಿದೆ. ಸಜ್ಜೆ ಹಿಟ್ಟು ತರಲು ಬೊರಿವಲಿಗೆ ಹೋಗಿದ್ದೆವು, ಅಲ್ಲಿ ನಮ್ಮವರ ಒಂದು ಗಿರಣಿ ಇದೆ. ಹೋಗುವಾಗ ಬಾಗಿಲಲ್ಲೇ ನಿಂತೆವು, ಬರುವಾಗ ಇಬ್ಬರಿಗೂ ಕಿಟಕಿ ಪಕ್ಕ ಸೀಟು ಸಿಕ್ಕಿತು. ಅವಳು ದಾದರಿನ ತನಕ ಮಾತಾಡಿದಳು. ನಾನೂ ಮಾತಾಡಿದೆ. ಯಾವುದರ ಬಗ್ಗೆ ಎಂದು ಬರೆಯುವಂಥದ್ದೇನಲ್ಲ.

ಏಪ್ರಿಲ್ ೨, ಬುಧವಾರ

ಆಯೋಗದ ಆದೇಶ ಬಂತು. ರಂಜನಾ ತಾಯಿ ಮೆಟ್ಟಿಲು ಹತ್ತಿ ಬಂದು ಓದಿ ಹೇಳಿದರು. ಪಂಪು ಇಲ್ಲದ ದಿನಗಳಿಗೆ ಐದನೇ ಯಂತ್ರದ ನಿಗದಿತ ವೆಚ್ಚದಲ್ಲಿ ಅರ್ಧವನ್ನು ಗಿರಾಕಿಗಳ ಮೇಲೆ ಹಾಕುವಂತಿಲ್ಲ. ಐದು ವರ್ಷ ಕೇಳಿದ್ದಕ್ಕೆ ಎರಡು ವರ್ಷ, ಅದೂ ಪೂರ್ತಿ ಇನ್ನೂರು ಓಡಿಸಿ ತೋರಿಸಿದರೆ. ಬೇಸಿಗೆಯಲ್ಲಿ ಹೊರಗಿನ ಲೈನು ಬಿದ್ದರೆ ಊರೊಳಗಿನ ಯಂತ್ರ ಬೇಕಾಗುತ್ತದೆ ಎಂದೂ ಬರೆದಿದ್ದಾರೆ. ಅಂತೂ ಮುಚ್ಚಲಿಲ್ಲ. ಆ ಸಾಲನ್ನು ಎರಡು ಸಲ ಓದಿಸಿದೆ.

ಸಂಜೆ ಸಾಯಬಣ್ಣ ಬಂದ. ಆ ಭಾನುವಾರದ ನಂತರ ಮೊದಲ ಸಲ. ಕುರ್ಚಿಯ ತುದಿಯಲ್ಲಿ ಕೂತ.

"ರಂಜನಾ ತಾಯಿ ಲೆಕ್ಕ ಹಾಕಿದ್ರು. ನನ್ನ ಬಿಲ್ಲಿನಾಗ ತಿಂಗಳಿಗಿ ಹನ್ನೊಂದು ರೂಪಾಯಿ ಕಮ್ಮಿ ಆಗ್ತದಂತ. ಕಲ್ಲಿದ್ದಲ ರೇಟ್ ಏರ್ಯಾದಂತ, ಅದಕ್ಕ ಹದಿನಾಲ್ಕು ಜಾಸ್ತಿ."

"ಹೌದು. ಅದು ಇಂಧನದ್ದು. ಬ್ಯಾರೆ."

"ಹನ್ನೊಂದು ರೂಪಾಯಿಗಿ ನಿಮ್ಮ ನೌಕರಿ ಹೋತು."

ರೂಪಾಯಿಗಲ್ಲ ಎಂದು ಹೇಳಬಹುದಿತ್ತು. ಅವನಿಗೂ ಗೊತ್ತಿತ್ತು. ಸುಂದ್ರವ್ವ ತಟ್ಟೆ ಇಟ್ಟಳು. ಉಂಡ. ಹೋಗುವಾಗ ಚಪ್ಪಲಿ ಮೆಟ್ಟುತ್ತ, "ನಾ ಒಂದು ತಿಂಗಳು ಮಾತಾಡಲಿಲ್ಲ. ಸಿಟ್ಟು ಇನ್ನೂ ಸ್ವಲ್ಪ ಅದ," ಎಂದ. ಇರಲಿ ಎಂದೆ.

ಮೇ ೨, ಶುಕ್ರವಾರ

ಕಡ್ಡಾಯ ನಿವೃತ್ತಿ. ಗ್ರಾಚುಯಿಟಿ ಕೊಡುತ್ತಾರೆ, ರಜೆಯ ಹಣ ಕೊಡುವುದಿಲ್ಲ. ಕಂಪನಿಯ ಒಳವಿಚಾರಣೆಯಲ್ಲಿ, ಇನ್ನೂರು ಎಂದು ಬರೆಯಲು ಯಾರು ಹೇಳಿದರು ಎಂದು ಕೇಳಿದ್ದರು. ಫೋನ್ ಮಾಡಿದ್ದು ಹಿತೇಶ್ ಸಾಹೇಬರು, ಆದರೆ ಬರೆದವನು ನಾನು ಎಂದಿದ್ದೆ. ಅವರನ್ನು ಗುಜರಾತಿಗೆ ಹಾಕಿದ್ದಾರಂತೆ.

ಇವತ್ತು ಗುರುತಿನ ಚೀಟಿ ಒಪ್ಪಿಸಲು ಪ್ಲಾಂಟಿಗೆ ಹೋಗಿದ್ದೆ. ಗೇಟಿನಲ್ಲಿ ಪ್ರೀತಮ್ ಕಾದಿದ್ದ. ಹೊಸ ಪಾರ್ಟ್ ಬಂದು ಎರಡನೇ ಪಂಪು ಕೂಡಿಸಿದ್ದಾರೆ. ನಾಳೆ ಆಯೋಗದವರ ಮುಂದೆ ಯಂತ್ರ ಓಡಿಸಿ ತೋರಿಸಬೇಕು. ಇವತ್ತಿನ ಹಾಳೆ ಅವನ ಕೈಯಲ್ಲಿ ಖಾಲಿ ಇತ್ತು.

"ಅಂಕಲ್, ಪಂಪಿನ ಸದ್ದು ಒಂದು ಸಲ ಕೇಳಿ ಹೇಳ್ತೀರಾ? ಗೇಜ್ ಎಲ್ಲ ಸರಿ ತೋರಿಸ್ತದೆ. ಆದರೆ ನಂಗೆ ಧೈರ್ಯ ಇಲ್ಲ."

ಸೆಕ್ಯುರಿಟಿಯವನು ಬೇರೆ ಕಡೆ ನೋಡಿದ. ಒಳಗೆ ಹೋದೆ. ಪಂಪು ಓಡುತ್ತಿತ್ತು. ಫಿಟ್ಟರ್‌ನ ಉದ್ದ ಸ್ಕ್ರೂಡ್ರೈವರ್ ಇಸಿದುಕೊಂಡು ತುದಿಯನ್ನು ಬೇರಿಂಗಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿದೆ. ಈ ಬದಿ ಕೇಳಿದೆ, ಆ ಬದಿ ಕೇಳಿದೆ. ಆ ಬದಿಯಲ್ಲಿ ಸಣ್ಣಗೆ ಒಂದು ಸದ್ದು ಇತ್ತು, ಹಲ್ಲಿನಲ್ಲಿ ಮರಳು ಸಿಕ್ಕಿದ ಹಾಗೆ. ಅವನ ಕಿವಿಗೂ ಹಚ್ಚಿದೆ.

"ಕೇಳಿಸಿತೇನು?"

"ಹೌದು. ಏನು ಮಾಡುವುದು ಈಗ?"

"ಬಿಚ್ಚಿ ನೋಡಿ. ಎಣ್ಣೆಯೊಳಗೆ ಕಸ ಇರಬಹುದು. ಮುಗಿಯಲು ನಾಳೆ ಸಂಜೆಯಾಗಬಹುದು."

"ಹತ್ತರೊಳಗೆ ಹಾಳೆ ಕಳಿಸಬೇಕು, ಅಂಕಲ್. ನಾಳೆ ಟೆಸ್ಟ್. ಇನ್ನೂರು ಅಂತ ಬರೆಯದಿದ್ದರೆ ಮೇಲಿನವರು..."

ನಾನು ಸ್ಕ್ರೂಡ್ರೈವರನ್ನು ಫಿಟ್ಟರ್‌ಗೆ ವಾಪಸು ಕೊಟ್ಟೆ. ಗಡಿಯಾರದಲ್ಲಿ ಒಂಬತ್ತು ನಲವತ್ತು. ಪ್ರೀತಮ್ ಪಕ್ಕದ ಮೇಜಿನ ಮೇಲೆ ಹಾಳೆ ಇಟ್ಟು ಬಗ್ಗಿದ, ನೆಟ್ಟಗಾದ, ಮತ್ತೆ ಬಗ್ಗಿದ. ಆಮೇಲೆ ನೂರು ಎಂದು ಬರೆದು, ಕೆಳಗೆ ಪಂಪ್ ಬಿಚ್ಚಲಾಗುತ್ತಿದೆ ಎಂದು ಸೇರಿಸಿ, ತನ್ನ ಹೆಸರನ್ನು ಪೂರ್ತಿ ಬರೆದ. ಪಂಪು ನಿಲ್ಲಿಸಿದ. ಫಿಟ್ಟರ್‌ಗೆ ಸ್ಪ್ಯಾನರ್ ತಾ ಎಂದು ಕೂಗಿದ.

ನಾನು ಅಂಗಿಯ ತೋಳು ಮಡಚಿದೆ.